ಸ್ವಿಚ್ ಹಾಕದ ಕೊಳವೆ

ನವೆಂಬರಿನಲ್ಲಿ ಊರಿಡೀ ಹಮ್ಸಿ ಮೀನಿನ ವಾಸನೆ,
ಕಪ್ಪು ಸಮುದ್ರ ಕಿಟಕಿಯವರೆಗೂ ಬಂದು ಹೋಗುತ್ತದೆ.
ನಮ್ಮ ಲ್ಯಾಬಿನಲ್ಲಿ ಮಾತ್ರ ಝೈಲೀನ್.
ನಾನು ಸಾನಿಯೆ. ನನ್ನ ಕೆಲಸ ಎಣಿಸುವುದು.

ಇಪ್ಪತ್ತೆರಡು ದಿನದ ಹೆಣ್ಣಿಲಿ ಮರಿಯ ಅಂಡಾಶಯ
ಒಂದು ಸಾಸಿವೆ ಕಾಳು, ಅಷ್ಟೇ.
ಮೇಣದಲ್ಲಿ ಹೂತು, ಹೋಳು ಹೋಳು ಮಾಡಿ,
ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು
ಗಾಜಿಗೆ ಎತ್ತಿಕೊಳ್ಳುತ್ತೇನೆ
ಕೆನೆ ಎತ್ತಿದ ಹಾಗೆ, ಉಸಿರು ಬಿಗಿಹಿಡಿದು.
ಬಣ್ಣ ಕುಡಿದ ಮೇಲೆ ನೇರಳೆ, ಗುಲಾಬಿ.
ಅಂಚಿನುದ್ದಕ್ಕೂ ಒತ್ತೊತ್ತಾಗಿ ಕೂತಿರುತ್ತವೆ
ಇನ್ನೂ ಸರದಿ ಬಾರದ ಮೊಟ್ಟೆಗಳು,
ಆಸ್ಪತ್ರೆಯ ಬೆಂಚಿನಲ್ಲಿ ಟೋಕನ್ ಹಿಡಿದವರಂತೆ.

ಈ ಮರಿಗಳು ಹೊಟ್ಟೆಯಲ್ಲಿದ್ದಾಗ ತಾಯಿ ಇಲಿಗಳು
ದಿನಕ್ಕೊಂದು ಗಂಟೆ ಕೊಳವೆಯೊಳಗೆ ಮಲಗಿದ್ದವು.
ಹೊಟ್ಟೆಯ ನೇರಕ್ಕೆ ಒಂದು ಆಂಟೆನಾ.
ಕಾಣುವುದಿಲ್ಲ, ಕೇಳುವುದಿಲ್ಲ, ಸುಡುವುದೂ ಇಲ್ಲ,
ನಮ್ಮ ನಿಮ್ಮ ಜೇಬಿನಲ್ಲಿ ಇರುವಂಥದ್ದೇ ಅದು.
ಎರಡನೆಯ ಗುಂಪಿಗೂ ಅದೇ ಕೊಳವೆ, ಅದೇ ಗಂಟೆ,
ಅದೇ ಆಂಟೆನಾ. ಸ್ವಿಚ್ ಹಾಕಲಿಲ್ಲ.
ಮೂರನೆಯವು ಗೂಡಿನಲ್ಲೇ ತಿಂದುಂಡು ಇದ್ದವು.

ಯಾವ ಗಾಜು ಯಾರದ್ದೆಂದು ನನಗೆ ಹೇಳುವುದಿಲ್ಲ.
ಚೀಟಿಯ ಮೇಲೆ ಬರೀ ಅಂಕಿ. ಹದಿನೇಳು. ನಲವತ್ತೊಂದು.
ಗುಟ್ಟು ಪ್ರೊಫೆಸರ್ ತೆವ್ಹಿದೆಯವರ ಡ್ರಾಯರಿನಲ್ಲಿ,
ಬೀಗದ ಕೈ ಅವರ ಕನ್ನಡಕದ ಪೆಟ್ಟಿಗೆಯಲ್ಲಿ.
ಅದು ಎಲ್ಲರಿಗೂ ಗೊತ್ತು. ಯಾರೂ ಮುಟ್ಟುವುದಿಲ್ಲ.

ನಮ್ಮಜ್ಜಿ ಓರ್ದುವಿನ ಅಂಗಳದಲ್ಲಿ ಕೂತು
ಹೇಝಲ್ ಕಾಯಿ ಆರಿಸುತ್ತಿದ್ದಳು.
ಅಂಗೈಯಲ್ಲಿ ಒಮ್ಮೆ ತೂಗಿ
"ಜೊಳ್ಳು" ಎಂದು ಎಡಕ್ಕೆ ಎಸೆಯುವಳು.
ಒಂದನ್ನೂ ಒಡೆದು ನೋಡಿದವಳಲ್ಲ.
ಆ ವಿದ್ಯೆ ನನ್ನ ಕೈಗೆ ಇಳಿಯಲಿಲ್ಲ,
ನಾನು ಒಡೆದೇ ನೋಡುವವಳು.

ನಲವತ್ತೊಂದರಲ್ಲಿ ಅಂಚು ತೆಳ್ಳಗಿತ್ತು.
ಕೆಲವು ಸುಕ್ಕಿದ್ದವು, ನಡುವೆ ಕಪ್ಪು ಚುಕ್ಕಿ,
ಸುತ್ತಲಿನ ಕೋಶಗಳು ಪಂಕ್ತಿ ಬಿಟ್ಟು ಎದ್ದುಹೋದಂತೆ.
ಎಣಿಕೆಯ ಗುಂಡಿ ಒತ್ತಿದೆ. ಜೊಳ್ಳು. ಜೊಳ್ಳು. ಜೊಳ್ಳು.
ಇದು ಸ್ವಿಚ್ ಹಾಕಿದ್ದೇ ಎಂದಿತು ಹೆಬ್ಬೆರಳು.
ಹೆಬ್ಬೆರಳಿಗೆ ಅಭಿಪ್ರಾಯ ಇರಬಾರದು.

ಸಂಜೆ ಮೇಲ್ಮನೆಯ ಮ್ಯುಬೆರ್ರಾ ಸೂಪು ತಂದಳು.
ಅವಳ ಹಾಸಿಗೆಯ ಮೇಲೆ ಚಾವಣಿ, ಚಾವಣಿಯ ಮೇಲೆ ಟವರು.
ಎರಡು ಬಾರಿ ನಿಂತು, ಎರಡು ಬಾರಿ ಹೋಯಿತು.
"ನೋಡುವವಳು ನೀನೇ ತಾನೆ. ಹೇಳು, ಅದರಿಂದಲೇನಾ?"
"ಇಲಿಗಳಲ್ಲಿ..." ಎಂದು ಶುರು ಮಾಡಿದೆ.
"ನಾನು ಇಲಿಯಲ್ಲ" ಎಂದಳು.
ಸೂಪು ಚೆನ್ನಾಗಿತ್ತು. ಪುದೀನ ಜಾಸ್ತಿ.

ಜನವರಿಯಲ್ಲಿ ಡ್ರಾಯರು ತೆರೆದರು.
ಸ್ವಿಚ್ ಹಾಕಿದ ಗುಂಪಿನಲ್ಲಿ ಮೊಟ್ಟೆ ಕಡಿಮೆ, ಹೌದು.
ಆದರೆ ನಲವತ್ತೊಂದು ಅದರಲ್ಲಿರಲಿಲ್ಲ.
ಅದರ ತಾಯಿಯ ಮೇಲೆ ಯಾವ ಅಲೆಯೂ ಹಾಯ್ದಿಲ್ಲ.
ದಿನಕ್ಕೊಂದು ಗಂಟೆ, ತಿರುಗಲಾಗದ ಕೊಳವೆಯಲ್ಲಿ
ಬರದೇ ಇದ್ದದ್ದಕ್ಕೆ ಹೆದರಿ ಮಲಗಿತ್ತು, ಅಷ್ಟೇ.
ಅಥವಾ ಹೆದರಿಯೂ ಇರಲಿಲ್ಲವೋ,
ಹುಟ್ಟಿನಲ್ಲೇ ಬಡ ಮರಿಯೋ, ನನ್ನ ಹೋಳೇ ಓರೆಯೋ.
ತೆವ್ಹಿದೆಯವರು ಅಡಿಯಲ್ಲಿ ಒಂದು ಸಾಲು ಸೇರಿಸಿದರು,
ಸಣ್ಣ ಅಕ್ಷರದಲ್ಲಿ.

ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ
ನಾನಾಗಬೇಕಾದ ಮೊಟ್ಟೆ ಅಂಚಿನಲ್ಲಿ ಕೂತಿತ್ತಂತೆ.
ಆ ಚಳಿಗಾಲ ಅಜ್ಜ ದೋಣಿಯಿಂದ ಹದಿನೆಂಟು ದಿನ ಬಂದಿರಲಿಲ್ಲ.
ಅಷ್ಟು ದಿನ ಅವಳು ಹೇಗೆ ಮಲಗಿದ್ದಳೋ.
ಎಣಿಸಿದವರಿಲ್ಲ.

ಬಟ್ಟಲು ಬರಿದಾಗಿ ಹಿಂತಿರುಗಿಸುವ ಹಾಗಿಲ್ಲ.
ರಾತ್ರಿ ಹೇಝಲ್ ಕಾಯಿ ಒಡೆಯುತ್ತ ಕೂತೆ,
ಒಂದೊಂದನ್ನೇ ನೋಡಿ, ಗಟ್ಟಿಯಿದ್ದದ್ದನ್ನು ಮಾತ್ರ ತುಂಬಿ.
ಮೆಟ್ಟಿಲು ಹತ್ತಿದಾಗ ಹನ್ನೆರಡಾಗಿತ್ತು.
ಮ್ಯುಬೆರ್ರಾ ಎದ್ದೇ ಇದ್ದಳು.
ಹಿಂದಿನ ಕಿಟಕಿಯಲ್ಲಿ ಟವರಿನ ಕೆಂಪು ದೀಪ
ಹತ್ತುತ್ತಿತ್ತು, ಆರುತ್ತಿತ್ತು.
ಈ ಸಲ ಅವಳು ಏನೂ ಕೇಳಲಿಲ್ಲ.
ಒಂದು ಬೀಜ ಬಾಯಿಗೆ ಹಾಕಿಕೊಂಡು
ನನಗೂ ಒಂದು ಕೊಟ್ಟಳು.